ಒಂದು ಹಕಾರದ ಮರುಮುದ್ರಣ

ಸೋದರತ್ತೆಯವರು ಮೊಮ್ಮಗಳ ಮದುವೆಗೆಂದು ತಾವೇ ಕಟ್ಟಿದ ಆರತಿ ಹಾಡನ್ನು ಹಾಡಿ ಮುದ್ರಿಸಿಕೊಡುವ ಕೆಲಸವನ್ನು ನನಗೆ ಒಪ್ಪಿಸಿದ್ದಕ್ಕೆ ನನ್ನ ಕಂಠ ಕಾರಣವಲ್ಲ. ನೆಂಟರಲ್ಲಿ ಮೈಕು ಇಟ್ಟುಕೊಂಡಿರುವವನು ನಾನೊಬ್ಬನೇ. ರಾತ್ರಿ ಹನ್ನೊಂದಕ್ಕೆ ಫ್ಯಾನು ಆರಿಸಿ, ಕಿಟಕಿಗೆ ಕಂಬಳಿ ಇಳಿಬಿಟ್ಟು, ಮೊಬೈಲಿನಲ್ಲಿ ತಂಬೂರಿ ಹಚ್ಚಿಕೊಂಡು, ಬೆವರು ಸುರಿಸುತ್ತಲೇ ನಾಲ್ಕು ನಿಮಿಷದ ಹಾಡನ್ನು ಮುಗಿಸಿ ಕಳುಹಿಸಿದೆ. ಬೆಳಿಗ್ಗೆ ಫೋನು ಬಂತು.

"ಎಲ್ಲಾ ಚೆನ್ನಾಗಿದೆಯಪ್ಪ. ಆದರೆ ನಾನು ಬರೆದುಕೊಟ್ಟದ್ದು 'ಹರಸು ತಾಯೆ ವಧೂವರರ' ಅಂತ. ನೀನು 'ಅರಸು ತಾಯೆ' ಅಂದಿದ್ದೀಯಲ್ಲೋ! ಹುಡುಗ ಹುಡುಗಿ ಮಂಟಪದಿಂದ ಓಡಿಹೋಗಿದ್ದಾರೇನು, ತಾಯಿ ಹುಡುಕಿಕೊಂಡು ಹೋಗೋದಕ್ಕೆ?"

ಹಕಾರದ ವಿಷಯದಲ್ಲಿ ನಮ್ಮ ಕಡೆಯವರ ನಾಲಿಗೆ ಮೊದಲಿನಿಂದಲೂ ಧಾರಾಳ. ಹಾಲನ್ನು ಆಲು ಮಾಡಿ ಕುಡಿದು ಬೆಳೆದವರು ನಾವು. ಇರಲಿ, ಸೆಕೆಂಡಿನ ಹತ್ತನೇ ಒಂದು ಭಾಗವೂ ಇಲ್ಲದ ಒಂದಕ್ಷರಕ್ಕಾಗಿ ಇಡೀ ಹಾಡನ್ನು ಮತ್ತೆ ಹಾಡುವವನು ಮೂರ್ಖ ಎಂದುಕೊಂಡು ಅಡಾಸಿಟಿಯನ್ನು ತೆರೆದೆ. ಈ ಉಚಿತ ತಂತ್ರಾಂಶದಲ್ಲಿ 'ಪಂಚ್ ಆಂಡ್ ರೋಲ್' ಎಂಬ ಸೌಲಭ್ಯವಿದೆ. ತಪ್ಪಿದ ಜಾಗದಲ್ಲಿ ಕರ್ಸರ್ ಇಟ್ಟು ಆಜ್ಞೆ ಕೊಟ್ಟರೆ, ಅದಕ್ಕೂ ಹಿಂದಿನ ಐದು ಸೆಕೆಂಡುಗಳ ಹಾಡನ್ನು ಕಿವಿಗೆ ಕೇಳಿಸಿ, ಸರಿಯಾಗಿ ಆ ಬಿಂದುವಿನಿಂದ ಹೊಸ ಧ್ವನಿಯನ್ನು ಹಿಡಿದುಕೊಳ್ಳತೊಡಗುತ್ತದೆ. ನಾನು "ಹ" ಎಂದು ಭಕ್ತಿಯಿಂದ ಉಸುರಿ ನಿಲ್ಲಿಸಿದೆ. ನೋಡುತ್ತೇನೆ, "ಹ"ದಿಂದಾಚೆಗೆ ಹಾಡೇ ಇಲ್ಲ! ಕರ್ಸರಿನ ಬಲಕ್ಕಿರುವುದನ್ನೆಲ್ಲ ಅಳಿಸಿಯೇ ಅದು ಮುಂದುವರಿಯುತ್ತದೆಂಬುದನ್ನು ಓದಿಕೊಳ್ಳದ ತಪ್ಪು ನನ್ನದೇ. ಕಂಟ್ರೋಲ್ ಝಡ್ ಒತ್ತಿದಾಗ ಎರಡನೇ ಚರಣದ ಉತ್ತರಾರ್ಧ, ಮೂರನೇ ಚರಣ, ಮಂಗಳ ಎಲ್ಲವೂ ಮರಳಿ ಬಂದವು. ನನ್ನ ಜೀವವೂ ಬಂತು.

ಅನಂತರ ಹೊಸ ಹಕಾರವನ್ನು ಬೇರೆಯಾಗಿ ಮುದ್ರಿಸಿ, ಹಳೆಯದನ್ನು ಕತ್ತರಿಸಿ ನಡುವೆ ಕೂರಿಸುವ ಕಸೂತಿ ಕೆಲಸಕ್ಕೆ ಇಳಿದೆ. ಪರದೆಯನ್ನು ದೊಡ್ಡದು ಮಾಡಿ ನೋಡಿದರೆ "ರ", "ಸು" ಅಕ್ಷರಗಳ ಸ್ವರಗಳು ದಪ್ಪ ದಪ್ಪ ಅಲೆಗಳಾಗಿ ಕಾಣುತ್ತವೆ. ಹಕಾರ ಮಾತ್ರ ಕಂಬಳಿಹುಳದ ಹಾಗೆ ತೆಳ್ಳಗೆ, ಮೈಯೆಲ್ಲ ರೋಮ. ಅಲೆ ನಡುಗೆರೆಯನ್ನು ದಾಟುವ ಬಿಂದುವಿನಲ್ಲೇ ಕತ್ತರಿಸದಿದ್ದರೆ ಬೆಸುಗೆಯ ಜಾಗದಲ್ಲಿ "ಟಕ್" ಎನ್ನುತ್ತದೆ. ಸೆಕೆಂಡಿಗೆ 44,100 ಚುಕ್ಕಿಗಳಿರುವ ಸಾಲಿನಲ್ಲಿ ಆ ಬಿಂದುವನ್ನು ಹುಡುಕುತ್ತಾ ನಾನೇ ನಿಜವಾದ "ಅರಸು ತಾಯೆ" ಆಗಿಹೋದೆ. ಕೊನೆಗೂ ಟಕ್ಕು ಹೋಯಿತು.

ಕೇಳಿದರೆ, ಚರಣದ ನಡುವೆ ಯಾರೋ ಅಪರಿಚಿತ ಗಂಡಸು ಬಾಗಿಲು ತೆರೆದು "ಹ" ಎಂದು ಹೋದಂತಿತ್ತು. ರಾತ್ರಿಯ ಗಂಟಲಿಗೂ ಕಾಫಿ ಕುಡಿದ ಬೆಳಗಿನ ಗಂಟಲಿಗೂ, ಮೈಕಿನಿಂದ ಒಂದು ಗೇಣು ದೂರಕ್ಕೂ ನಾಲ್ಕು ಬೆರಳು ದೂರಕ್ಕೂ ಇಷ್ಟು ಅಂತರವಿದೆಯೆಂದು ನನಗೆ ಗೊತ್ತಿರಲಿಲ್ಲ. ಆ ಹಕಾರದ ಬೆನ್ನಿಗೆ ಬೀದಿಯಿಂದ ಸೊಪ್ಪು ಮಾರುವಾಕೆಯ "ದಂಟೂ" ಕೂಡ ಅಂಟಿಕೊಂಡಿತ್ತು. ಪದವನ್ನೇ ಬದಲಿಸೋಣವೆಂದು "ಹರಸು" ಹಾಡಿದೆ. ಆಗ ತಂಬೂರಿ ಕೈಕೊಟ್ಟಿತು. ರಾತ್ರಿ ಹೆಡ್‌ಫೋನು ಹಾಕದೆ ಹಾಡಿದ್ದರಿಂದ ತಂಬೂರಿಯ ನಾದವೂ ಧ್ವನಿಯ ಜೊತೆಗೇ ಸೇರಿಕೊಂಡಿತ್ತು. ನಾಲ್ಕು ತಂತಿಗಳ ಪ-ಸ-ಸ-ಸ ಸುತ್ತಿನಲ್ಲಿ ಷಡ್ಜ ಬರಬೇಕಾದ ಕಡೆ ಪಂಚಮ ಎಗರಿ ಬಂದರೆ, ಸಂಗೀತ ಬಾರದ ನಮ್ಮ ಮನೆಯವಳಿಗೂ "ಏನೋ ಎಡವಿದ ಹಾಗಾಯಿತಲ್ಲ" ಎನ್ನಿಸುತ್ತದೆ. ಸಾಲು ಬದಲಿಸಿದೆ, ಚರಣ ಬದಲಿಸಿದೆ, ಎಡವುವುದು ನಿಲ್ಲಲಿಲ್ಲ.

ಮೂರನೆಯ ರಾತ್ರಿ, ಅದೇ ಕಂಬಳಿಯ ಮರೆಯಲ್ಲಿ, ತಂಬೂರಿಯನ್ನು ಬೇರೆಯೇ ಟ್ರ್ಯಾಕಿಗೆ ಸರಿಸಿ, ಹೆಡ್‌ಫೋನು ಹಾಕಿ, ಹಕಾರವನ್ನು ಜಪದಂತೆ ಮನಸ್ಸಿನಲ್ಲಿಟ್ಟುಕೊಂಡು ಹಾಡನ್ನು ಮೊದಲಿನಿಂದ ಹಾಡಿದೆ. "ಹರಸು" ಮಂತ್ರದಷ್ಟು ಸ್ಪಷ್ಟವಾಗಿ ಬಂತು. ಪಲ್ಲವಿಯನ್ನು ಒಮ್ಮೆ ಮಾತ್ರ ಹಾಡಿ, ಉಳಿದ ಮೂರು ಕಡೆ ನಕಲಿಸಿ ಅಂಟಿಸುವಷ್ಟು ಜಾಣತನವೂ ಅಷ್ಟರಲ್ಲಿ ನನಗೆ ಬಂದಿತ್ತು.

ಮದುವೆಯ ದಿನ ಮಂಟಪದಲ್ಲಿ ಹಾಡು ಮೊಳಗಿದಾಗಲೇ ನನಗೆ ಕೇಳಿಸಿದ್ದು: "ಹಾರತಿ ಬೆಳಗಿರೆ". ಒಂದಲ್ಲ, ನಾಲ್ಕು ಸಲ. ಅತ್ತೆ ತಟ್ಟೆ ಹಿಡಿದಲ್ಲಿಂದಲೇ ನನ್ನನ್ನು ನೋಡಿದರು. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತಿದ್ದ ಅನಂತಪುರದ ಕಡೆಯ ಬೀಗರು ನನ್ನ ಕೈ ಕುಲುಕಿ, "ನಮ್ಮ ತೆಲುಗಿನಲ್ಲಿಯೂ ಹಾರತಿ ಅಂತಲೇ ಅನ್ನೋದು. ನಮಗೋಸ್ಕರ ಹಾಗೆ ಹಾಡಿದಿರಲ್ಲ, ಬಹಳ ಸಂತೋಷವಾಯಿತು" ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ.