ಪಾಪದಿಂದ ಬಿಡುಗಡೆ: ಗುರುಗಳ ಮುಂದೆ ಹೇಳಿಕೊಳ್ಳಲೇಬೇಕೆ?

ತಪಸ್ಸುಕಾಲದಲ್ಲಿ, ಅದರಲ್ಲೂ ಈಸ್ಟರ್ ಹತ್ತಿರವಾದಂತೆ, ಮಂಗಳೂರಿನ ಕಥೋಲಿಕ ಚರ್ಚುಗಳಲ್ಲಿ ಕುಮ್ಸಾರಿಗೆ, ಅಂದರೆ ಗುರುಗಳ (ಪಾದ್ರಿಗಳ) ಮುಂದೆ ಮಾಡುವ ಪಾಪನಿವೇದನೆಗೆ, ಜನ ಸಾಲುಗಟ್ಟುತ್ತಾರೆ. ಅದೇ ಊರಿಗೆ 1834ರಲ್ಲಿ ಬಂದ ಪ್ರಾಟೆಸ್ಟೆಂಟ್ ಬಾಸೆಲ್ ಮಿಶನ್ನಿನ ಪರಂಪರೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಅಂಥ ಸಾಲಿಲ್ಲ. ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಪಾಪದ ಅರಿಕೆ ಹೇಳಿ ಕರ್ತನ ಭೋಜನಕ್ಕೆ ಬರುತ್ತಾರೆ. ಪಾಪ ಕ್ಷಮಿಸುವವನು ದೇವರೊಬ್ಬನೇ ಎಂಬುದರಲ್ಲಿ ಎರಡೂ ಕಡೆಯವರಿಗೆ ಭಿನ್ನಮತವಿಲ್ಲ. ಆ ಕ್ಷಮೆ ನಮ್ಮನ್ನು ಮುಟ್ಟಲು ಇನ್ನೊಬ್ಬ ಮನುಷ್ಯನ ಮುಂದೆ ಬಾಯಿ ಬಿಡಬೇಕೆ ಎಂಬಲ್ಲಿ ದಾರಿ ಕವಲಾಗುತ್ತದೆ.

ಪರ: ಹೇಳಿಕೊಳ್ಳದೆ ಬಿಡುಗಡೆಯಿಲ್ಲ

ಬೈಬಲಿನ ದಾವೀದ ಅರಸ ಬೆತ್ಷೆಬೆಯನ್ನು ಅರಮನೆಗೆ ಕರೆಸಿಕೊಂಡ. ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ಹಾಕಿಸಿ ಸಾಯುವಂತೆ ಮಾಡಿದ. ಮಗು ಹುಟ್ಟುವವರೆಗೂ ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ದೇವರ ಜೊತೆ ನೇರವಾಗಿ ಮಾತಾಡಬಲ್ಲವನು ಎಂದು ಯಾರನ್ನಾದರೂ ಹೇಳುವುದಾದರೆ ಅವನನ್ನೇ ಹೇಳಬೇಕು; ಕೀರ್ತನೆ ಕಟ್ಟಿದವನು ಅವನು. ಆದರೂ ಪ್ರವಾದಿ ನಾತಾನ ಎದುರು ನಿಂತು ‘ಆ ಮನುಷ್ಯ ನೀನೇ’ ಎಂದ ಮೇಲೆಯೇ ‘ಪಾಪ ಮಾಡಿದ್ದೇನೆ’ ಎಂಬ ಮಾತು ಹೊರಟಿತು. ದೇವರು ನಿನ್ನ ಪಾಪವನ್ನು ತೆಗೆದುಹಾಕಿದ್ದಾನೆ ಎಂಬ ಉತ್ತರವನ್ನೂ ಅವನು ಕೇಳಿದ್ದು ನಾತಾನನ ಬಾಯಿಂದಲೇ.

ಒಬ್ಬರೇ ಪ್ರಾರ್ಥಿಸುವಾಗ ತಪ್ಪಿಗೆ ಹೆಸರಿಡುವವರೂ ನಾವೇ, ನೆಪ ಹುಡುಕುವವರೂ ನಾವೇ, ಇಷ್ಟು ಸಾಕು ಎಂದುಕೊಳ್ಳುವವರೂ ನಾವೇ. ‘ದೇವರೇ, ನಾನು ದುರ್ಬಲ’ ಎಂದು ಹೇಳಿ ಮಲಗಿಬಿಡಬಹುದು. ಅಣ್ಣನ ಪಾಲಿನ ಜಮೀನಿಗೆ ಸುಳ್ಳು ಸಹಿ ಹಾಕಿದೆ ಎಂದು ಇನ್ನೊಬ್ಬರ ಕಿವಿಗೆ ಬೀಳುವಂತೆ ಹೇಳುವುದು ಹಾಗಲ್ಲ. ಹೇಳಿದ ಮೇಲೂ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಕಿತ್ತುಕೊಂಡದ್ದನ್ನು ಹಿಂದಿರುಗಿಸುವ ಮನಸ್ಸಿದೆಯೇ ಎಂದು ಗುರುಗಳು ಕೇಳುತ್ತಾರೆ. ಆ ಮನಸ್ಸೇ ಇಲ್ಲದವನಿಗೆ ಅವರು ಪಾಪವಿಮೋಚನೆ ಕೊಡುವಂತಿಲ್ಲ. ಆತ್ಮಶೋಧನೆ, ಪಶ್ಚಾತ್ತಾಪ, ಇನ್ನು ಮಾಡೆನೆಂಬ ದೃಢಸಂಕಲ್ಪ, ನಿವೇದನೆ, ಪ್ರಾಯಶ್ಚಿತ್ತ ಎಂದು ಧರ್ಮೋಪದೇಶದ ತರಗತಿಯಲ್ಲಿ ನಾವು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡುತ್ತಿದ್ದ ಐದೂ ಸೇರಿದರೇ ಕುಮ್ಸಾರ್. ಪೆಟ್ಟಿಗೆಯೊಳಗೆ ಹೋಗಿ ಪಟ್ಟಿ ಓದಿ ಬಂದು ಮತ್ತೆ ಅದನ್ನೇ ಮಾಡುವುದು ಎಂದು ಇದನ್ನು ತಿಳಿದವರು ಈ ಪವಿತ್ರ ಸಂಸ್ಕಾರವನ್ನು ಹೊರಗಿನಿಂದಷ್ಟೇ ನೋಡಿದ್ದಾರೆ.

ಇದು ಗುರುಗಳು ತಾವಾಗಿ ಕಟ್ಟಿಕೊಂಡ ಅಧಿಕಾರವಲ್ಲ. ಪುನರುತ್ಥಾನದ ದಿನದ ಸಂಜೆ ಬಾಗಿಲು ಮುಚ್ಚಿ ಕೂತಿದ್ದ ಶಿಷ್ಯರ ನಡುವೆ ಬಂದು ನಿಂತ ಯೇಸು, ಅವರ ಮೇಲೆ ಉಸಿರೂದಿ, ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವು ಕ್ಷಮಿಸಲ್ಪಡುತ್ತವೆ, ಯಾರವನ್ನು ಉಳಿಸುತ್ತೀರೋ ಅವು ಉಳಿಯುತ್ತವೆ ಎಂದರೆಂದು ಯೊವಾನ್ನರ ಶುಭಸಂದೇಶದ 20ನೆಯ ಅಧ್ಯಾಯ ಹೇಳುತ್ತದೆ. ಕ್ಷಮಿಸಬೇಕೋ ಉಳಿಸಬೇಕೋ ಎಂದು ತಿಳಿಯಬೇಕಾದರೆ ಮೊದಲು ಕೇಳಿಸಿಕೊಳ್ಳಬೇಕಲ್ಲವೇ? ರೋಗಿ ನಾಚಿಕೆಯಿಂದ ಗಾಯವನ್ನು ತೋರಿಸದೆ ಹೋದರೆ, ತನಗೆ ಗೊತ್ತಿಲ್ಲದ್ದನ್ನು ಮದ್ದು ಗುಣಪಡಿಸಲಾರದು ಎಂಬ ಸಂತ ಜೆರೋಮರ ಮಾತನ್ನು 1551ರಲ್ಲಿ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ ನೆನೆದದ್ದು ಇದೇ ಕಾರಣಕ್ಕೆ.

ರೂಪ ಮಾತ್ರ ಕಾಲಕಾಲಕ್ಕೆ ಬದಲಾಗಿದೆ, ಅದನ್ನು ಮರೆಮಾಚಬೇಕಾಗಿಲ್ಲ. ಮೊದಲ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ಧರ್ಮತ್ಯಾಗದಂಥ ಪಾಪಗಳಿಗೆ ಸಭೆಯೆದುರಿನ ದೀರ್ಘ ಪ್ರಾಯಶ್ಚಿತ್ತವಿತ್ತು, ಅದೂ ಸಾಮಾನ್ಯವಾಗಿ ಜೀವಮಾನದಲ್ಲಿ ಒಂದೇ ಸಲ. ಗುಟ್ಟಾಗಿ, ಬೇಕಾದಷ್ಟು ಸಲ ಹೇಳಿಕೊಳ್ಳುವ ಪದ್ಧತಿಯನ್ನು ಯುರೋಪಿನಲ್ಲಿ ಹರಡಿದವರು ಐರ್ಲೆಂಡಿನ ಸನ್ಯಾಸಿಗಳು. ಪಾಪಿಯ ಪಾಲಿಗೆ ಅದು ದೊಡ್ಡ ಕರುಣೆ. ಇಂದು ಗುರುಗಳು ಕೇಳಿದ್ದನ್ನು ನೇರವಾಗಿ ಹೊರಗೆಡವಿದರೆ ಆ ಕ್ಷಣದಲ್ಲೇ ಸಭೆಯಿಂದ ಬಹಿಷ್ಕೃತರಾಗುತ್ತಾರೆ. ಅವರೂ ಇನ್ನೊಬ್ಬ ಗುರುಗಳ ಮುಂದೆ ಮಂಡಿಯೂರುವವರೇ. 2014ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಮಹಾದೇವಾಲಯದಲ್ಲಿ ಎಲ್ಲರ ಕಣ್ಣೆದುರೇ ಹಾಗೆ ಮಂಡಿಯೂರಿದ್ದರು.

ಮದ್ಯದ ಹಿಡಿತದಿಂದ ಬಿಡಿಸಿಕೊಳ್ಳಲು 1935ರಲ್ಲಿ ಅಮೆರಿಕದ ಅಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರು ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ ಆರಂಭಿಸಿದರು. ಅವರು ಬೆಳೆದುಬಂದದ್ದು ಪ್ರಾಟೆಸ್ಟೆಂಟ್ ಪರಿಸರದಲ್ಲಿ. ಆದರೂ ಅವರ ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದು, ನಾವು ಮಾಡಿದ ತಪ್ಪುಗಳೇನೆಂದು ದೇವರ ಮುಂದೆ, ನಮ್ಮ ಮುಂದೆ ಮತ್ತು ಇನ್ನೊಬ್ಬ ಮನುಷ್ಯನ ಮುಂದೆ ಒಪ್ಪಿಕೊಳ್ಳುವುದು. ದೇವರ ಮುಂದೆ ಮಾತ್ರ ಒಪ್ಪಿಕೊಂಡರೆ ಸಾಕಾಗುವಂತಿದ್ದರೆ ಆ ಮೂರನೆಯ ಮಾತನ್ನು ಅವರು ಸೇರಿಸುತ್ತಿರಲಿಲ್ಲ. ಪಾಪ ಮಾಡುವವನು ಪಾಪಕ್ಕೆ ದಾಸ ಎಂದು ಪ್ರಭುವೇ ಹೇಳಿದ್ದಾರೆ. ಗುಟ್ಟು ಉಳಿದಿರುವವರೆಗೆ ಆ ದಾಸತ್ವವೂ ಉಳಿದಿರುತ್ತದೆ. ‘ನಾನು ನಿನ್ನನ್ನು ಪಾಪಗಳಿಂದ ವಿಮೋಚಿಸುತ್ತೇನೆ’ ಎಂಬ ಮಾತನ್ನು ಕಿವಿಯಾರೆ ಕೇಳಿ ಎದ್ದವನಿಗೆ, ದೇವರು ಕ್ಷಮಿಸಿರಬಹುದೇ ಎಂದು ತನ್ನ ಮನಸ್ಸನ್ನೇ ಮತ್ತೆ ಮತ್ತೆ ಕೇಳಿಕೊಳ್ಳಬೇಕಾದ ಅಗತ್ಯವಿಲ್ಲ.

ವಿರೋಧ: ತೆರೆದ ಬಾಗಿಲಿಗೆ ಕಾವಲು ಬೇಡ

ನಂಬಿಕೆಯಲ್ಲಿ ಬಲಿತ ಒಬ್ಬರ ಹತ್ತಿರ ಮನಸ್ಸು ಬಿಚ್ಚಿ ಅಳುವುದರಿಂದ ಒಳಿತಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು ಕ್ಷಮೆಗೆ ಷರತ್ತಾಗಿ ಇಡುವುದನ್ನು ಮಾತ್ರ ಒಪ್ಪಲಾರೆ.

ಯೇಸು ಹೇಳಿದ ಸಾಮತಿಯ ಸುಂಕದವನು ದೇವಾಲಯದಲ್ಲಿ ದೂರ ನಿಂತು, ತಲೆಯೆತ್ತಲೂ ಧೈರ್ಯವಿಲ್ಲದೆ, ಎದೆ ಬಡಿದುಕೊಂಡು ಪಾಪಿಯಾದ ನನ್ನನ್ನು ಕರುಣಿಸು ಎಂದ. ಅವನು ಯಾಜಕನ ಹತ್ತಿರ ಹೋಗಲಿಲ್ಲ. ಅವನೇ ನೀತಿವಂತನೆಂದು ನಿರ್ಣಯ ಹೊಂದಿ ಮನೆಗೆ ಹೋದನೆಂದು ಕರ್ತನು ಹೇಳಿದನು. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಪ್ರಾಯಶ್ಚಿತ್ತ ಮಾಡಲು ಒಂದು ದಿನವೂ ಉಳಿದಿರಲಿಲ್ಲ. ಪರದೈಸು ಅವನಿಗೆ ಅಂದೇ ಸಿಕ್ಕಿತು. ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಒಬ್ಬನೇ ಎಂದು ಪೌಲನು ತಿಮೊಥೆಯನಿಗೆ ಬರೆದಿದ್ದಾನೆ. ಧೈರ್ಯದಿಂದ ಕೃಪಾಸನದ ಮುಂದೆ ಬರೋಣ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಕರೆಯುತ್ತದೆ. ದಾವೀದನ ವಿಷಯಕ್ಕೆ ಬಂದರೆ, ನಾತಾನನು ಯಾಜಕನಲ್ಲ. ಅವನು ಅರಿಕೆ ಕೇಳುವುದಕ್ಕೆ ಕೂತಿರಲಿಲ್ಲ, ದೇವರ ವಾಕ್ಯವನ್ನು ಹೊತ್ತು ತಾನಾಗಿ ಅರಮನೆಗೆ ನಡೆದುಹೋದ. ಆಮೇಲೆ ದಾವೀದನ ಹೆಸರಿನ 51ನೆಯ ಕೀರ್ತನೆಯಲ್ಲಿ, ನಿನಗೇ, ನಿನಗೊಬ್ಬನಿಗೇ ತಪ್ಪು ಮಾಡಿದ್ದೇನೆ ಎಂಬ ಮೊರೆ ಇದೆ.

ಶಿಷ್ಯರಿಗೆ ಕೊಟ್ಟ ಅಧಿಕಾರವನ್ನು ನಾವೂ ಓದುತ್ತೇವೆ. ಆ ಅಧಿಕಾರ ಸುವಾರ್ತೆಯನ್ನು ಸಾರುವುದರಲ್ಲಿದೆ: ನಂಬುವವನಿಗೆ ಕ್ಷಮೆಯಿದೆ, ತಳ್ಳಿಬಿಡುವವನಿಗೆ ಇಲ್ಲ. ವಿವೇಚನೆಯ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ತಮ್ಮ ಯಾಜಕನಿಗೆ ಪಾಪಗಳನ್ನು ಹೇಳಲೇಬೇಕೆಂಬ ಕಟ್ಟಳೆಯನ್ನು ಇಡೀ ಸಭೆಗೆ ವಿಧಿಸಿದ್ದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ. ಅಪೊಸ್ತಲರು ಕಟ್ಟಿದ ಸಭೆಗಳಲ್ಲಿ ಇಂಥ ಕಟ್ಟಳೆ ಇತ್ತೆಂದು ಅವರ ಪತ್ರಿಕೆಗಳಲ್ಲಿ ಒಂದು ಸಾಲೂ ಇಲ್ಲ.

ಎಲ್ಲವನ್ನೂ ಹೇಳಲೇಬೇಕೆಂಬ ಕಟ್ಟಳೆ ಎಳೆಯ ಮನಸ್ಸಾಕ್ಷಿಗೆ ಏನು ಮಾಡುತ್ತದೆ ಎಂಬುದಕ್ಕೆ ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರನೇ ಸಾಕ್ಷಿ. 1505ರಲ್ಲಿ ಎರ್ಫರ್ಟಿನ ಅಗಸ್ಟೀನಿಯನ್ ಮಠ ಸೇರಿದ ಅವನು ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ. ಹೊರಗೆ ಬಂದ ಮೇಲೆ ಯಾವುದೋ ಒಂದನ್ನು ಬಿಟ್ಟೆನಲ್ಲ ಎಂದು ನಡುಗುತ್ತಿದ್ದ. ಕಿವಿಯಾರೆ ಕೇಳಿದ ಮಾತು ಅವನಿಗೆ ನೆಮ್ಮದಿ ತರಲಿಲ್ಲ, ಏಕೆಂದರೆ ಆ ಮಾತು ಸಲ್ಲಬೇಕಾದರೆ ತನ್ನ ಪಶ್ಚಾತ್ತಾಪ ಸಾಕಷ್ಟಿರಬೇಕಿತ್ತು, ತನ್ನ ಪಟ್ಟಿ ಪೂರ್ತಿಯಾಗಿರಬೇಕಿತ್ತು. ನೀತಿವಂತನು ನಂಬಿಕೆಯಿಂದಲೇ ಬದುಕುವನು ಎಂಬ ವಾಕ್ಯ ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ತೆರೆದುಕೊಂಡಾಗ ಅವನಿಗೆ ಬಿಡುಗಡೆಯಾಯಿತು. ಅರಿಕೆಯನ್ನು ಅವನು ಕಿತ್ತೊಗೆಯಲಿಲ್ಲ. ಅವನ ಕಡೆಯವರ 1530ರ ಆಗ್ಸ್‌ಬರ್ಗ್ ನಂಬಿಕೆಯ ಪ್ರಮಾಣವೂ ಅದನ್ನು ಉಳಿಸಿಕೊಂಡಿತು, ಎಲ್ಲ ಪಾಪಗಳನ್ನು ಎಣಿಸಿ ಹೇಳುವ ಅಗತ್ಯವಿಲ್ಲ ಎಂಬ ಮಾತಿನೊಂದಿಗೆ. ನನಗೆ ಅದೇ ಸರಿಯಾದ ಜಾಗವೆನಿಸುತ್ತದೆ.

ನಮ್ಮ ನೆಲದ ಚರಿತ್ರೆಯನ್ನೂ ನೋಡಬೇಕು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಸಾಗಿಸಿದ, ಪಾದ್ರಿಗಳನ್ನು ರಾಜ್ಯದಿಂದ ಹೊರಗೆ ಕಳಿಸಿದ. 1799ರವರೆಗೆ ಆ ಸೆರೆ ಮುಗಿಯಲಿಲ್ಲ. ಪಾದ್ರಿಯಿಲ್ಲದೆ ಅಲ್ಲಿ ಕಣ್ಣು ಮುಚ್ಚಿದ ತಾಯಂದಿರಿಗೆ ಕ್ಷಮೆ ಸಿಗಲಿಲ್ಲವೆಂದು ಯಾರಾದರೂ ಹೇಳಿಯಾರೆ? ಟ್ರೆಂಟ್ ಮಹಾಸಭೆಯೂ ಹಾಗೆ ಹೇಳುವುದಿಲ್ಲ. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪರಿಪೂರ್ಣ ಪಶ್ಚಾತ್ತಾಪ, ಸಂಸ್ಕಾರವನ್ನು ಪಡೆಯುವ ಬಯಕೆಯೂ ಜೊತೆಗಿದ್ದರೆ, ಸಂಸ್ಕಾರಕ್ಕೆ ಮೊದಲೇ ಮನುಷ್ಯನನ್ನು ದೇವರೊಂದಿಗೆ ಸಮಾಧಾನಪಡಿಸಬಲ್ಲದೆಂದು ಅದೇ ಒಪ್ಪಿದೆ. ಸೆರೆಯಲ್ಲಿದ್ದವರಿಗೆ ಕೃಪೆ ನೇರವಾಗಿ ಬಂದದ್ದು ನಿಜವಾದರೆ ಮನೆಯಲ್ಲಿರುವವನಿಗೂ ಬರುತ್ತದೆ.

ಇನ್ನು ಅಧಿಕಾರದ ಮಾತು. 2018ರಲ್ಲಿ ಕೇರಳದಲ್ಲಿ, ಮಹಿಳೆಯೊಬ್ಬರು ಪಾಪನಿವೇದನೆಯಲ್ಲಿ ಹೇಳಿದ್ದನ್ನೇ ಹಿಡಿದು ಬೆದರಿಸಿ ದೌರ್ಜನ್ಯವೆಸಗಿದ ಆರೋಪ ಕೆಲವು ಆರ್ಥೊಡಾಕ್ಸ್ ಯಾಜಕರ ಮೇಲೆ ಬಂತು. ಪದ್ಧತಿಯನ್ನೇ ರದ್ದುಮಾಡಬೇಕೆಂದು ರಾಷ್ಟ್ರೀಯ ಮಹಿಳಾ ಆಯೋಗ ಶಿಫಾರಸು ಮಾಡಿತು. ಸರ್ಕಾರ ಆರಾಧನೆಯೊಳಗೆ ಕೈಹಾಕುವುದನ್ನು ನಾನು ಒಪ್ಪುವುದಿಲ್ಲ. ಆದರೆ ಕ್ಷಮೆ ಬೇಕಾದರೆ ಇವನ ಮುಂದೆಯೇ ಬರಬೇಕು ಎಂದು ಹೆಂಗಸೊಬ್ಬಳಿಗೆ ಹೇಳಿದಾಗ ಅವಳ ಮೇಲೆ ಎಂಥ ಹಿಡಿತವನ್ನು ಒಬ್ಬ ಗಂಡಸಿಗೆ ಕೊಟ್ಟಂತಾಯಿತು ಎಂಬುದನ್ನು ಸಭೆಯೇ ಕೇಳಿಕೊಳ್ಳಬೇಕು. ಗುಟ್ಟು ಕಾಯುವ ನಿಯಮ ಎಷ್ಟೇ ಕಠಿಣವಾಗಿರಲಿ, ಅವಳಿಗೆ ಬೇರೆ ದಾರಿಯಿಲ್ಲವೆಂಬ ಬೋಧನೆಯೇ ಅಪಾಯದ ಮೂಲ.

ಪಾಪದ ಹಿಡಿತ ಬಿಡಲು ಜೊತೆಯವರು ಬೇಕು ಎಂಬ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಯಾಕೋಬನು ಬರೆದದ್ದು ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಎಂದು. ಮೆಥಡಿಸ್ಟ್ ಪಂಗಡದ ಮೂಲಪುರುಷ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಗುಂಪುಗಳಿಗೆ ನಿಯಮ ಬರೆದದ್ದು ಇದೇ ವಾಕ್ಯದ ಮೇಲೆ. ಗಂಡಸರು ಬೇರೆ, ಹೆಂಗಸರು ಬೇರೆ, ವಾರಕ್ಕೊಮ್ಮೆ ಸೇರುವುದು. ಕಳೆದ ಸಲ ಸೇರಿದಾಗಿನಿಂದ ಯಾವ ಪಾಪ ಮಾಡಿದೆ, ಯಾವ ಶೋಧನೆ, ಅಂದರೆ ಪಾಪದ ಸೆಳೆತ, ಬಂತು, ಅದರಿಂದ ಹೇಗೆ ಬಿಡುಗಡೆಯಾಯಿತು ಎಂದು ಒಬ್ಬರನ್ನೊಬ್ಬರು ಕೇಳುವುದು. ಅಲ್ಲಿ ಕೇಳುವವನೂ ತನ್ನ ಸರದಿ ಬಂದಾಗ ಹೇಳಲೇಬೇಕು. ಅಕ್ರನ್‌ನ ಆ ಇಬ್ಬರು ಕುಡುಕರೂ ಹುಡುಕಿಕೊಂಡದ್ದು ತಮ್ಮಂತೆಯೇ ಬಿದ್ದು ಎದ್ದ ಇನ್ನೊಬ್ಬನನ್ನು. ನಮ್ಮ ಸಭೆಗಳು ಇದನ್ನು ಕೈಬಿಟ್ಟಿವೆ, ಅದು ನನಗೆ ನೋವಿನ ಸಂಗತಿ. ಭಾನುವಾರ ಅರಿಕೆಯ ಪ್ರಾರ್ಥನೆಯನ್ನು ಒಂದೇ ದನಿಯಲ್ಲಿ ಓದಿ ಮುಗಿಸುತ್ತೇವೆ, ಪಕ್ಕದ ಬೆಂಚಿನವನು ಯಾವ ಶೋಧನೆಯಲ್ಲಿ ನರಳುತ್ತಿದ್ದಾನೆಂದು ಗೊತ್ತಿರುವುದಿಲ್ಲ. ಮನೆಮನೆಯ ಪ್ರಾರ್ಥನಾ ಕೂಟಗಳು ಈಗಲೂ ನಡೆಯುತ್ತಿವೆ. ನಂಬಿಕಸ್ಥರಾದ ಮೂರು ನಾಲ್ಕು ಮಂದಿ ಕೂಟ ಮುಗಿದ ಮೇಲೂ ಕೂತು, ವೆಸ್ಲಿಯ ಆ ಪ್ರಶ್ನೆಗಳನ್ನು ಒಬ್ಬರನ್ನೊಬ್ಬರು ಕೇಳಲು ಶುರುಮಾಡಬಹುದು. ಅದಕ್ಕೆ ಯಾವ ಮಹಾಸಭೆಯ ಅಪ್ಪಣೆಯೂ ಬೇಕಾಗಿಲ್ಲ.