ಬಾತುಕೋಳಿ ಗುದ್ದಿದರೆ ಕೋಡ್ ಇದೆ

ಅಪ್ಪ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದ ಮೂರನೆಯ ವಾರ ಕುಂಬಳಕಾಯಿ ಹೆಚ್ಚಲು ಹೋಗಿ ಹೆಬ್ಬೆರಳು ಕುಯ್ದುಕೊಂಡರು. ರಕ್ತ ನಿಲ್ಲಲಿಲ್ಲ. ಕಾರಿನಲ್ಲಿ ಕೂರಿಸಿ ತುರ್ತು ಚಿಕಿತ್ಸೆಗೆ ಕರೆದೊಯ್ದೆ. ಹಳೆಯ ಪಂಚೆಯ ತುಂಡು ಸುತ್ತಿದ್ದ ಬೆರಳನ್ನು ಎತ್ತಿ ಹಿಡಿದು ಅಪ್ಪ, ಎಪ್ಪತ್ತೆರಡು ವರ್ಷ ಎಲ್ಲ ಕೌಂಟರುಗಳಲ್ಲೂ ಕೇಳಿಕೊಂಡು ಬಂದ ಪ್ರಶ್ನೆಯನ್ನೇ ಇಲ್ಲೂ ಕೇಳಿದರು: "ಎಷ್ಟಾಗುತ್ತದೆ?"

ಕುಳಿತಿದ್ದ ಹುಡುಗಿ ನಕ್ಕಳು. ಪಕ್ಕದವಳನ್ನು ಕರೆದಳು. ಅವಳು ಒಳಗಿದ್ದವರೊಬ್ಬರನ್ನು ಕರೆತಂದಳು. ಮೂವರೂ ಬಹಳ ಸೌಜನ್ಯದಿಂದ, ಅದನ್ನು ಈಗಲೇ ಹೇಳಲಾಗುವುದಿಲ್ಲ ಎಂದರು. ವಿಮೆ ಯಾವುದು, ವೈದ್ಯರು ಆ ವಿಮೆಯ ಪಟ್ಟಿಯಲ್ಲಿದ್ದಾರೆಯೇ, ಇವೆಲ್ಲ ತೀರ್ಮಾನವಾಗಿ ಅಂಚೆಯಲ್ಲಿ ಕಾಗದ ಬರುತ್ತದಂತೆ.

"ಮೂರು ಹೊಲಿಗೆಯ ಲೆಕ್ಕ ಮೂರು ಜನಕ್ಕೆ ಗೊತ್ತಿಲ್ಲ. ಇವರು ಅಂಗಡಿ ಹೇಗೆ ನಡೆಸುತ್ತಾರೋ?" ಎಂದರು ಅಪ್ಪ, ಕನ್ನಡದಲ್ಲಿ.

ಬಹಳ ಚೆನ್ನಾಗಿಯೇ ನಡೆಸುತ್ತಾರೆ. 2023ರಲ್ಲಿ ಈ ದೇಶ ಆರೋಗ್ಯಕ್ಕೆ ಸುರಿದದ್ದು 4.9 ಲಕ್ಷ ಕೋಟಿ ಡಾಲರ್, ಒಟ್ಟು ದೇಶೀಯ ಉತ್ಪನ್ನದ ಶೇ 17.6ರಷ್ಟು. ಇಷ್ಟು ಸುರಿದ ಮೇಲೂ ಸುಮಾರು 2.6 ಕೋಟಿ ಜನ ವಿಮೆಯಿಲ್ಲದೆ ಉಳಿದರು. ಆಸ್ಪತ್ರೆಗಳು ದರಪಟ್ಟಿ ಪ್ರಕಟಿಸಲೇಬೇಕೆಂಬ ನಿಯಮ 2021ರ ಜನವರಿಯಿಂದಲೇ ಇದೆ. ಪಟ್ಟಿಯನ್ನು ಯಂತ್ರಗಳು ಓದಬಲ್ಲ ಫೈಲಿನಲ್ಲಿ ಹಾಕುತ್ತಾರೆ. ಅಪ್ಪ ಯಂತ್ರವಲ್ಲ.

ಬೆಲೆ ಸಿಗದಿದ್ದರೇನು, ಕೋಡ್ ಸಿಗುತ್ತದೆ. 2015ರ ಅಕ್ಟೋಬರಿನಿಂದ ಇಲ್ಲಿ ಜಾರಿಯಲ್ಲಿರುವ, ಆಸ್ಪತ್ರೆಗಳು ಬಿಲ್ಲಿನಲ್ಲಿ ಬರೆಯುವ ರೋಗಸಂಕೇತಗಳ ಪಟ್ಟಿಯಲ್ಲಿ ಪ್ರತಿ ನೋವಿಗೂ ಒಂದು ಸಂಖ್ಯೆ. ಬಾತುಕೋಳಿ ಕಚ್ಚಿದರೆ ಡಬ್ಲ್ಯು 61.61, ಕಚ್ಚದೆ ಬರೀ ಗುದ್ದಿದರೆ ಡಬ್ಲ್ಯು 61.62. ವಿಮಾನದ ಎಂಜಿನ್ನಿನೊಳಕ್ಕೆ ಸೆಳೆಯಲ್ಪಟ್ಟವರಿಗೂ ಒಂದಿದೆ. ಅವರು ಎರಡನೆಯ ಸಲ ತೋರಿಸಿಕೊಳ್ಳಲು ಬಂದರೆ ಬೇರೆಯೇ ಇದೆ. ಎಂಜಿನ್ನಿನಿಂದ ಹೊರಬಿದ್ದು ಎರಡನೆಯ ಸಲ ಬರುವ ಆ ಮಹಾನುಭಾವರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನನಗೆ ಆಸೆ.

ಎಲ್ಲರಿಗೂ ಸರ್ಕಾರವೇ ವಿಮೆ ಕೊಟ್ಟರೆ ಸ್ವಾತಂತ್ರ್ಯ ಹೋಗುತ್ತದೆ ಎಂಬ ಕಾಳಜಿಯೂ ಇಲ್ಲಿ ಹಳೆಯದು. 1945ರಲ್ಲಿ ಅಧ್ಯಕ್ಷ ಟ್ರೂಮನ್ ಪ್ರಸ್ತಾವ ಮುಂದಿಟ್ಟಾಗ ಅಮೆರಿಕದ ವೈದ್ಯರ ಸಂಘ ಅದರಲ್ಲಿ ಸಮಾಜವಾದದ ಸೋಂಕನ್ನು ಪತ್ತೆ ಮಾಡಿತು. 1961ರಲ್ಲಿ, ವಯಸ್ಸಾದವರಿಗಷ್ಟೇ ಕೊಡೋಣ ಎಂಬ ಮಾತು ಬಂದಾಗ ಅದೇ ಸಂಘ ಅದರ ವಿರುದ್ಧ ನಟ ರೊನಾಲ್ಡ್ ರೇಗನ್ ಅವರ ದನಿಯಲ್ಲಿ ಗ್ರಾಮಫೋನ್ ತಟ್ಟೆ ಮಾಡಿಸಿತು. ವೈದ್ಯರ ಮಡದಿಯರು ಅಕ್ಕಪಕ್ಕದವರನ್ನು ಕಾಫಿಗೆ ಕರೆದು ಅದನ್ನು ಕೇಳಿಸಿದರು, ನಮ್ಮ ಕಡೆ ಅರಿಶಿನ ಕುಂಕುಮಕ್ಕೆ ಕರೆಯುವ ಹಾಗೆ. ಆದರೂ 1965ರಲ್ಲಿ ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್ ಬಂತು, ಮೊದಲ ಕಾರ್ಡು ಟ್ರೂಮನ್ ಅವರ ಕೈಸೇರಿತು. 2009ರ ಹೊತ್ತಿಗೆ ಅದು ಎಷ್ಟು ಪ್ರಿಯವಾಗಿತ್ತೆಂದರೆ, ದಕ್ಷಿಣ ಕೆರೊಲಿನಾದ ಸಭೆಯೊಂದರಲ್ಲಿ ಒಬ್ಬರು ಎದ್ದು, ನನ್ನ ಮೆಡಿಕೇರ್ ಮೇಲಿಂದ ಸರ್ಕಾರ ಕೈ ತೆಗೆಯಲಿ ಎಂದು ತಮ್ಮ ಸಂಸದರಿಗೆ ತಾಕೀತು ಮಾಡಿದರು. ಅದು ಸರ್ಕಾರದ್ದೇ ಸ್ವಾಮಿ ಎಂದರೂ ಒಪ್ಪಲಿಲ್ಲ. ನೀರು ನಮ್ಮ ನಲ್ಲಿಯದು, ಕಾವೇರಿಗೂ ಅದಕ್ಕೂ ಏನು ಸಂಬಂಧ ಎಂದ ಹಾಗೆ.

ಯಾರು ಬದುಕಬೇಕೆಂದು ಸರ್ಕಾರಿ ಗುಮಾಸ್ತರು ತೀರ್ಮಾನಿಸುವ 'ಮರಣ ಮಂಡಳಿ' ಬರಲಿದೆ ಎಂದು ಅದೇ ವರ್ಷ, ಅಧ್ಯಕ್ಷ ಒಬಾಮಾ ವಿಮೆಯ ಸುಧಾರಣೆಗೆ ಹೊರಟಾಗ, ರಿಪಬ್ಲಿಕನ್ ನಾಯಕಿ ಸಾರಾ ಪೇಲಿನ್ ಹೆದರಿಸಿದರು. ಅದೇನೂ ಬರಲಿಲ್ಲ. ಯಾವ ಚಿಕಿತ್ಸೆಗೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವ ಪೂರ್ವಾನುಮತಿ ವಿಭಾಗ ವಿಮಾ ಕಂಪನಿಗಳಲ್ಲಿ ಮೊದಲೇ ಇತ್ತಲ್ಲ. 2024ರ ಚುನಾವಣಾ ಚರ್ಚೆಯಲ್ಲಿ, ನಿಮ್ಮ ಯೋಜನೆ ಏನು ಎಂದು ಕೇಳಿದಾಗ ಟ್ರಂಪ್, ಯೋಜನೆಯ ಪರಿಕಲ್ಪನೆಗಳಿವೆ ಎಂದರು. ಅಡುಗೆ ಆಯಿತೇ ಎಂದರೆ, ಸಾರಿನ ಬಗ್ಗೆ ಕೆಲವು ವಿಚಾರಗಳಿವೆ ಎಂದಂತೆ.

(ನಮ್ಮಲ್ಲೂ ಮುಂಗಡ ಕಟ್ಟದೆ ಸ್ಟ್ರೆಚರ್ ಅಲುಗಾಡಿಸದ ಆಸ್ಪತ್ರೆಗಳಿವೆ. ಆದರೆ ಮುಂಗಡ ಎಷ್ಟು ಎಂದು ಬಾಗಿಲಲ್ಲೇ ಹೇಳುತ್ತಾರೆ.)

ತಿಂಗಳ ಮೇಲೆ ಮೊದಲ ಕಾಗದ ಬಂತು. ಎರಡು ಸಾವಿರ ಚಿಲ್ಲರೆ ಡಾಲರ್. ತಲೆಯ ಮೇಲೆ ದಪ್ಪ ಅಕ್ಷರದಲ್ಲಿ, 'ಇದು ಬಿಲ್ ಅಲ್ಲ'.

"ಬಿಲ್ ಅಲ್ಲದಿದ್ದರೆ ಇನ್ನೇನು, ಲಗ್ನಪತ್ರಿಕೆಯೇ?" ಎಂದರು ಅಪ್ಪ.

ಎರಡನೆಯದು ಅಪ್ಪನ ಪ್ರವಾಸಿ ವಿಮೆಯವರದು. ಬರುವ ಮೊದಲೇ ಇದ್ದ ಕಾಯಿಲೆಗಳಿಗೆ ಅವರು ಹಣ ಕೊಡುವುದಿಲ್ಲ. ಅಪ್ಪನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಚಾಕು ಜಾರಿದ್ದಕ್ಕೂ ಸಕ್ಕರೆಗೂ ಸಂಬಂಧವಿಲ್ಲವೆಂದು ವೈದ್ಯರ ಪತ್ರ ಬೇಕಂತೆ. ಕುಂಬಳಕಾಯಿ ಯಾವ ಕೋಡಿನಡಿ ಬರುತ್ತದೋ ನೋಡಬೇಕು.

ಅಪ್ಪನ ಹೊಲಿಗೆ ಬಿಚ್ಚಿದ್ದು ನನ್ನ ಹೆಂಡತಿ, ಉಗುರು ಕತ್ತರಿಸುವ ಕತ್ತರಿಯನ್ನು ಬಿಸಿನೀರಿನಲ್ಲಿ ಕುದಿಸಿ. ಅದೇ ವಾರ ನನ್ನ ದವಡೆ ಹಲ್ಲು ನೋಯಲು ಶುರುವಾಯಿತು. ನನ್ನ ಆರೋಗ್ಯ ವಿಮೆಯ ಪ್ರಕಾರ ಹಲ್ಲು ದೇಹದ ಭಾಗವಲ್ಲ, ಅದಕ್ಕೆ ಬೇರೆ ವಿಮೆ ಬೇಕು. ವಿಮಾನದ ಟಿಕೆಟ್ ದರ ನೋಡಿದೆ. ಡಿಸೆಂಬರಿನಲ್ಲಿ ಮೈಸೂರಿಗೆ ಹೋಗಿ ಬೇರುನಾಳ ಚಿಕಿತ್ಸೆ (ರೂಟ್ ಕೆನಾಲ್) ಮಾಡಿಸಿಕೊಂಡು, ಜೊತೆಗೆ ಊರನ್ನೂ ನೋಡಿಕೊಂಡು ಬರಬಹುದು.

"ಅಲ್ಲಿಯವರೆಗೆ?" ಎಂದೆ.

ಅಪ್ಪ ಸೂಟ್‌ಕೇಸ್ ತೆರೆದರು. ಮಾತ್ರೆಗಳ ಪಟ್ಟಿಗಳ ಕೆಳಗೆ, ಸಾರಿನ ಪುಡಿಯ ಪಕ್ಕದಲ್ಲಿ, ಲವಂಗದ ಪೊಟ್ಟಣವಿತ್ತು. ಒಂದನ್ನು ತೆಗೆದು ಕೊಟ್ಟು, "ಕಚ್ಚಿ ಹಿಡಿದುಕೋ. ಬಿಲ್ ಬರುವುದಿಲ್ಲ" ಎಂದರು.