ಮಾಳಿಗೆ ಮೇಲೆ ಕೋವಿ ಹಿಡಿದರೆ ಸಾಕಾ?

1992ರ ಲಾಸ್ ಏಂಜಲೀಸ್ ಗಲಭೆಯಲ್ಲಿ ಕೊರಿಯನ್ ಅಂಗಡಿಯವರು ಬಂದೂಕು ಹಿಡಿದು ಮಾಳಿಗೆ ಹತ್ತಿದ್ದರಿಂದಲೇ ಲೂಟಿಗೆ ಬಂದ ಗುಂಪು ಹೆದರಿತು, ನಾವೂ ಹಾಗೇ ಮಾಡಬೇಕು ಎಂದು ಗುಂಪು ಗಲಭೆಯ ಬಗ್ಗೆ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಆ ಮಾತು ಒಪ್ಪಲಾರೆ. ಅಲ್ಲೇ ಅಂಗಡಿ ಕಾಯಲು ಹೋಗಿದ್ದ 18ರ ಕೊರಿಯನ್ ಹುಡುಗನೊಬ್ಬ ತಮ್ಮವರ ಗುಂಡಿಗೇ ಸತ್ತ. ಲೂಟಿಗೆ ಬಂದವನು ಅಂದುಕೊಂಡು ಹೊಡೆದದ್ದು. ಗುಂಪಿನ ಆವೇಶದ ಬಗ್ಗೆ ಇಷ್ಟೆಲ್ಲ ಬರೆದವರು ಕಾಯುವವರ ಗಾಬರಿಯ ಬಗ್ಗೆ ಒಂದು ಸಾಲೂ ಬರೆದಿಲ್ಲ, ಅಲ್ವಾ?

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಜಮೀನು ಹೊಂದಿದವರಿಗೂ) ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ ಮಾಡುತ್ತೇವೆ. ಆದರೂ 2015ರ ನವೆಂಬರ್‌ನಲ್ಲಿ ಮಡಿಕೇರಿಯಲ್ಲಿ ಗಲಾಟೆ ಆದಾಗ ನಮ್ಮ ಸಾಲಿನ ಅಂಗಡಿಯವರು ಯಾರೂ ಕೋವಿ ತರಲಿಲ್ಲ. ಶಟರ್ ಎಳೆದೆವು, ಬೇಕರಿಯ ಗಾಜಿನ ಕಪಾಟು ಒಳಗೆ ತಳ್ಳಿದೆವು, ಎಲ್ಲ ಜಾತಿಯವರೂ ಒಟ್ಟಿಗೆ ಮೆಟ್ಟಿಲ ಮೇಲೆ ನಿಂತೆವು. ಬಂದವರಲ್ಲಿ ಗುರುತಿನ ಹುಡುಗರೂ ಇದ್ದರು. ಹೆಸರು ಹಿಡಿದು ಕರೆದದ್ದೇ ತಡ, ಒಬ್ಬ ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಚರಂಡಿಗೆ ಬಿಟ್ಟ.

ಇನ್ನು ಕಾನೂನು. ಜನ ಒಳಗಿರುವ ಮನೆಗೆ ಬೆಂಕಿ ಇಡಲು ಬಂದರೆ ಮಾತು ಬೇರೆ. ಟಿವಿ ಹೊತ್ತು ಓಡುವವನ ಬೆನ್ನಿಗೆ ಸುಮ್ನೆ ಗುಂಡು ಹೊಡೆದರೆ ಕೋರ್ಟು ಅದನ್ನು ಆತ್ಮರಕ್ಷಣೆ ಅಂತ ಒಪ್ಪುವುದು ಕಷ್ಟ.